ಮಕ್ಕಳ ಕಲಿಕೆ: ಹೆತ್ತವರ ಕೈಯಲ್ಲಿರುವ ಅಮಾನತ್

ಸಂತಾನವು ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿದ ದೊಡ್ಡ ಅನುಗ್ರಹ. ಅನುಗ್ರಹ ಮಾತ್ರವಲ್ಲ, ಅದೊಂದು ಅಮಾನತ್ ಕೂಡಾ ಆಗಿದೆ. ನೆರೆಮನೆಯವರು ಊರಿಗೆ ಹೋಗುವಾಗ ಒಂದು ಚಿನ್ನದ ಸರವನ್ನು ನಮ್ಮ ಕೈಯಲ್ಲಿ ಕೊಟ್ಟು ಹೋದರೆ ನಾವು ಅದನ್ನು ಕಪಾಟಿನೊಳಗಿಟ್ಟು ಬೀಗ ಹಾಕುತ್ತೇವೆ. ರಾತ್ರಿ ಎಚ್ಚರವಾದಾಗ ಒಮ್ಮೆ ನೋಡಿಕೊಳ್ಳುತ್ತೇವೆ. ಅವರು ಮರಳಿ ಬರುವ ತನಕ ನಮಗೆ ನೆಮ್ಮದಿ ಇರುವುದಿಲ್ಲ. ಆದರೆ ಸೃಷ್ಟಿಕರ್ತನೇ ನಮಗೆ ಒಪ್ಪಿಸಿದ ಮಗುವಿನ ಬುದ್ಧಿ, ಮನಸ್ಸು ಮತ್ತು ಸ್ವಭಾವಗಳ ವಿಷಯದಲ್ಲಿ ನಮಗೆ ಅಷ್ಟಾದರೂ ಕಳವಳ ಇದೆಯೇ?

ನಿಮ್ಮಲ್ಲಿ ಪ್ರತಿಯೊಬ್ಬರೂ ಒಂದು ಮಂದೆಯ ಕಾವಲುಗಾರರು, ನಿಮ್ಮ ಅಧೀನದಲ್ಲಿರುವವರ ಕುರಿತು ನಿಮ್ಮನ್ನು ವಿಚಾರಿಸಲಾಗುವುದು ಎಂಬ ಅರ್ಥದ ಪ್ರವಾದಿ ವಚನವನ್ನು ನಾವೆಲ್ಲ ಕೇಳಿದ್ದೇವೆ. ಆ ವಚನದಲ್ಲಿ ಆಡಳಿತಗಾರನ ಹೆಸರಿದೆ, ಮನೆಯ ಯಜಮಾನನ ಹೆಸರಿದೆ, ಮನೆಯೊಡತಿಯ ಹೆಸರೂ ಇದೆ. ಯಾರಿಗೂ ವಿನಾಯಿತಿ ಇಲ್ಲ. ಹಾಗಾದರೆ ಆ ದಿನ, 'ಮಗುವಿನ ಫೀಸು ಕಟ್ಟಿದ್ದೆ, ಟ್ಯೂಶನ್‌ಗೂ ಕಳುಹಿಸಿದ್ದೆ' ಎಂದು ರಶೀದಿ ತೋರಿಸಿ ನಾವು ಪಾರಾಗಲು ಸಾಧ್ಯವೇ? ಕುರುಬನು ಕುರಿಗಳಿಗೆ ಹುಲ್ಲು ಖರೀದಿಸಿ ಕೊಟ್ಟರೆ ಸಾಲದು. ಅವನು ಅವುಗಳ ಜೊತೆಯಲ್ಲಿ ಇರಬೇಕು. ಯಾವುದು ಕುಂಟುತ್ತಿದೆ, ಯಾವುದು ಮೇಯುತ್ತಿಲ್ಲ, ಯಾವುದು ಹಿಂದೆ ಉಳಿದಿದೆ ಎಂಬುದು ಅವನಿಗೆ ತಿಳಿದಿರಬೇಕು.

ಯಾರೂ ನೋಡದ ಮೂರು ವರ್ಷಗಳು

ಒಂದನೇ ತರಗತಿಯ ಮಗುವಿನ ಕೈ ಹಿಡಿದು ತಾಯಿ ಅಕ್ಷರ ತಿದ್ದಿಸುತ್ತಾಳೆ. ಎಸ್.ಎಸ್.ಎಲ್.ಸಿ. ಬಂತೆಂದರೆ ಮನೆಗೆ ಮನೆಯೇ ಎಚ್ಚೆತ್ತುಕೊಳ್ಳುತ್ತದೆ. ಸಂಬಂಧಿಕರು ಬರುವುದನ್ನು ಕೂಡಾ ಬೇಡವೆನ್ನುತ್ತಾರೆ. ಆದರೆ ಇವೆರಡರ ನಡುವೆ ಆರು, ಏಳು, ಎಂಟನೇ ತರಗತಿಗಳು ಇವೆಯಲ್ಲ, ಅವನ್ನು ಯಾರೂ ಗಮನಿಸುವುದಿಲ್ಲ. 'ಈಗ ದೊಡ್ಡವನಾದ, ಅವನೇ ಓದಿಕೊಳ್ಳುತ್ತಾನೆ' ಎಂದು ನಾವು ಕೈಬಿಡುತ್ತೇವೆ.

ವಾಸ್ತವದಲ್ಲಿ ಕೈ ಬಿಡಬಾರದ ಕಾಲ ಇದುವೇ. ಪಾಠಗಳ ಸ್ವರೂಪ ಬದಲಾಗುವುದು ಈ ತರಗತಿಗಳಲ್ಲಿ. ಕೂಡಿಸು, ಕಳೆ ಎಂಬಲ್ಲಿಂದ ಲೆಕ್ಕವು ಋಣ ಸಂಖ್ಯೆಗೆ, ಭಿನ್ನರಾಶಿಗೆ, ಬೀಜಗಣಿತಕ್ಕೆ ಹೊರಳುತ್ತದೆ. ವಿಜ್ಞಾನ, ಚರಿತ್ರೆ, ಭೂಗೋಳಗಳು ಬೇರೆ ಬೇರೆಯಾಗಿ ದಪ್ಪವಾಗುತ್ತವೆ. ಮಗು ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ ಮಾತಾಡುತ್ತದೆ. ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್. ಮದ್ರಸದಲ್ಲಿ ಅರಬಿ. ಇಷ್ಟು ಹೊರೆ ಹೊತ್ತ ಮಗುವಿನ ದೇಹ ಮತ್ತು ಮನಸ್ಸು ಕೂಡಾ ಇದೇ ಕಾಲದಲ್ಲಿ ಬಾಲ್ಯದಿಂದ ಪ್ರಾಯದ ಕಡೆಗೆ ಕಾಲಿಡುತ್ತದೆ. ನಿನ್ನೆಯ ತನಕ ಶಾಲೆಯಿಂದ ಬಂದೊಡನೆ ಎಲ್ಲವನ್ನೂ ಹೇಳುತ್ತಿದ್ದ ಮಗು ಇಂದು ಚೀಲವನ್ನು ಮೂಲೆಗೆಸೆದು ಮೌನವಾಗುತ್ತದೆ. ಪಾಠ ಅರ್ಥವಾಗಿಲ್ಲ ಎಂಬುದನ್ನು ಬಚ್ಚಿಡಲು ಕಲಿಯುತ್ತದೆ. ಹೆತ್ತವರಿಗೆ ಅದು ತಿಳಿಯುವಾಗ ಎರಡು ವರ್ಷ ಕಳೆದಿರುತ್ತದೆ. ಆ ಹೊತ್ತಿಗೆ ಮಗು, 'ನನಗೆ ಓದು ಬೇಡ, ಅಂಗಡಿಗೆ ಹೋಗುತ್ತೇನೆ' ಎನ್ನುತ್ತದೆ.

ಇದು ಒಂದು ಮನೆಯ ಕತೆಯಲ್ಲ. 2006ರಲ್ಲಿ ಪ್ರಧಾನ ಮಂತ್ರಿಗೆ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು, ದೇಶದ 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಲನ್ನೇ ಹತ್ತಿಲ್ಲ, ಇಲ್ಲವೇ ಅರ್ಧದಲ್ಲಿ ಬಿಟ್ಟಿದ್ದಾರೆ ಎಂದು ತಿಳಿಸಿತ್ತು. ಅಂದಿನಿಂದ ಇಂದಿಗೆ ಬಹಳಷ್ಟು ಬದಲಾಗಿದೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಭರವಸೆ ನೀಡಿದೆ. ಆದರೆ ಆ ಕಾಯ್ದೆಯ ಕೈ ಹದಿನಾಲ್ಕರ ತನಕ ಮಾತ್ರ ಚಾಚುತ್ತದೆ. ಅದರ ಮುಂದಕ್ಕೆ ಮಗುವನ್ನು ಕಲಿಕೆಯಲ್ಲಿ ಉಳಿಸಬೇಕಾದದ್ದು ಅದರ ಸ್ವಂತ ಆಸೆ ಮತ್ತು ಅದರ ಮನೆ. ಆ ಆಸೆ ಹುಟ್ಟುವುದೂ ಸಾಯುವುದೂ ಈ ಮೂರು ವರ್ಷಗಳಲ್ಲಿ.

ಪ್ರವಾದಿವರ್ಯರ(ಸ) ಸುತ್ತಲಿದ್ದ ಮಕ್ಕಳು

ಪ್ರವಾದಿವರ್ಯರು(ಸ) ಮದೀನಕ್ಕೆ ಬಂದಾಗ ಅವರ ಸುತ್ತ ಇದೇ ಪ್ರಾಯದ ಮಕ್ಕಳಿದ್ದರು ಎಂಬುದನ್ನು ನಾವು ಗಮನಿಸಿದ್ದೇವೆಯೇ? ಹಝ್ರತ್ ಅನಸ್‌ರಿಗೆ(ರ) ಆಗ ಸುಮಾರು 10 ವರ್ಷ. ಹಝ್ರತ್ ಝೈದ್ ಬಿನ್ ಸಾಬಿತ್‌ರಿಗೆ(ರ) ಸುಮಾರು 11. ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ) ಕೂಡಾ ಸರಿಸುಮಾರು ಅದೇ ಪ್ರಾಯದವರು. ಹಝ್ರತ್ ಇಬ್ನು ಅಬ್ಬಾಸ್(ರ) ಪ್ರವಾದಿವರ್ಯರ(ಸ) ನಿಧನದ ಕಾಲಕ್ಕೆ ಸುಮಾರು 13 ವರ್ಷದ ಬಾಲಕ. ಇಂದಿನ ಲೆಕ್ಕದಲ್ಲಿ ಇವರೆಲ್ಲ ಐದರಿಂದ ಎಂಟನೇ ತರಗತಿಯ ಹುಡುಗರು. ಆದರೆ ಮುಂದೆ ಇವರಲ್ಲೊಬ್ಬರು ಕುರ್‌ಆನನ್ನು ಗ್ರಂಥ ರೂಪದಲ್ಲಿ ಸಂಗ್ರಹಿಸುವ ಮಹತ್ಕಾರ್ಯದ ಹೊಣೆ ಹೊತ್ತರು. ಇನ್ನೊಬ್ಬರು ಕುರ್‌ಆನ್ ವ್ಯಾಖ್ಯಾನದ ಮಹಾ ವಿದ್ವಾಂಸರಾದರು. ಉಳಿದಿಬ್ಬರು ಸಾವಿರಾರು ಹದೀಸ್‌ಗಳನ್ನು ಸಮುದಾಯಕ್ಕೆ ತಲುಪಿಸಿದರು.

ಇದು ಬೆತ್ತದಿಂದ ಆದ ಕೆಲಸವಲ್ಲ. ಇಬ್ನು ಅಬ್ಬಾಸ್‌ರನ್ನು(ರ) ಪ್ರವಾದಿವರ್ಯರು(ಸ) ವಾಹನದ ಮೇಲೆ ತನ್ನ ಹಿಂದೆ ಕುಳ್ಳಿರಿಸಿಕೊಂಡು ಹೋಗುವಾಗ ದಾರಿಯಲ್ಲಿ ಕೆಲವು ಮಾತು ಕಲಿಸಿದರು. ಅಲ್ಲಾಹನ ಆಜ್ಞೆಗಳನ್ನು ಕಾಪಾಡಿದವನನ್ನು ಅಲ್ಲಾಹನು ಕಾಪಾಡುವನು, ಬೇಡುವುದಿದ್ದರೆ ಅವನಲ್ಲೇ ಬೇಡಬೇಕು ಎಂಬ ಆ ಬೋಧನೆ ಇಂದಿಗೂ ಮಿಂಬರ್‌ಗಳಲ್ಲಿ ಕೇಳುತ್ತಿದೆ. ಅದಕ್ಕೆ ತರಗತಿ ಇರಲಿಲ್ಲ, ಕರಿ ಹಲಗೆ ಇರಲಿಲ್ಲ. ನಾವೂ ಮಗನನ್ನೋ ಮಗಳನ್ನೋ ಸ್ಕೂಟರಿನ ಹಿಂದೆ ಕುಳ್ಳಿರಿಸಿ ಶಾಲೆಗೆ ಬಿಡುತ್ತೇವೆ. ಆ ಹತ್ತು ನಿಮಿಷ ನಾವು ಏನು ಮಾತಾಡುತ್ತೇವೆ?

ಝೈದ್‌ರಿಗೆ(ರ) ಯಹೂದಿಗಳ ಬರಹವನ್ನು ಕಲಿಯುವಂತೆ ಪ್ರವಾದಿವರ್ಯರು(ಸ) ಆದೇಶಿಸಿದರು. ಅವರು ಸುಮಾರು ಅರ್ಧ ತಿಂಗಳಲ್ಲಿ ಅದನ್ನು ಕಲಿತರು ಎಂದು ತಿರ್ಮಿದಿಯ ವರದಿಯಲ್ಲಿದೆ. ಕಲಿತ ವಿದ್ಯೆ ಉಪಯೋಗಕ್ಕೂ ಬಂತು. ಪ್ರವಾದಿವರ್ಯರ(ಸ) ಪತ್ರಗಳನ್ನು ಬರೆದವರೂ ಬಂದ ಪತ್ರಗಳನ್ನು ಓದಿ ಹೇಳಿದವರೂ ಅವರೇ. ಮಗುವಿನ ಮೇಲೆ ಭರವಸೆಯಿಟ್ಟು ಒಂದು ನಿಜವಾದ ಕೆಲಸ ವಹಿಸಿದರೆ ಅದರ ಬುದ್ಧಿ ಹೇಗೆ ಚುರುಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಒಬ್ಬ ತಂದೆ, ಒಬ್ಬ ತಾಯಿ

ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ಒಂದು ಘಟನೆ ಇದೆ. ಎಲೆ ಉದುರದ ಒಂದು ಮರವಿದೆ, ಅದು ಮುಸ್ಲಿಮನಿಗೆ ಹೋಲಿಕೆ, ಅದು ಯಾವುದೆಂದು ಹೇಳಿ ಎಂದು ಪ್ರವಾದಿವರ್ಯರು(ಸ) ಸಭೆಯಲ್ಲಿ ಕೇಳಿದರು. ಎಲ್ಲರ ಯೋಚನೆ ಮರುಭೂಮಿಯ ಬೇರೆ ಬೇರೆ ಮರಗಳ ಕಡೆಗೆ ಹೋಯಿತು. ಬಾಲಕ ಅಬ್ದುಲ್ಲಾ ಬಿನ್ ಉಮರ್‌ಗೆ(ರ) ಅದು ಖರ್ಜೂರದ ಮರವೆಂದು ಹೊಳೆಯಿತು. ಆದರೆ ಅಬೂಬಕರ್(ರ), ಉಮರ್‌ರಂತಹ(ರ) ಹಿರಿಯರು ಸುಮ್ಮನಿದ್ದುದರಿಂದ ನಾಚಿಕೆಯಾಗಿ ಅವರೂ ಸುಮ್ಮನಾದರು. ಕೊನೆಗೆ ಪ್ರವಾದಿವರ್ಯರೇ(ಸ) ಉತ್ತರ ಹೇಳಿದರು. ಸಭೆ ಮುಗಿದು ಹೊರಟಾಗ ಹುಡುಗ ತಂದೆಯೊಡನೆ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದರು.

ಹಝ್ರತ್ ಉಮರ್(ರ) ಎಂತಹ ಗಂಭೀರ ವ್ಯಕ್ತಿ ಎಂಬುದು ಎಲ್ಲರಿಗೂ ಗೊತ್ತು. ಅವರು, ಗೊತ್ತಿದ್ದೂ ಬಾಯಿ ಮುಚ್ಚಿ ಕುಳಿತೆಯಾ ಎಂದು ಗದರಿಸಲಿಲ್ಲ. ಹಿರಿಯರ ಸಭೆಯಲ್ಲಿ ಹುಡುಗರಿಗೇನು ಕೆಲಸ ಎನ್ನಲೂ ಇಲ್ಲ. ನೀನು ಅದನ್ನು ಹೇಳಿಬಿಟ್ಟಿದ್ದರೆ ನನಗೆ ಬೇರೆಲ್ಲ ಸಂಪತ್ತಿಗಿಂತ ಹೆಚ್ಚು ಸಂತೋಷವಾಗುತ್ತಿತ್ತು ಎಂಬ ಅರ್ಥದ ಮಾತು ಹೇಳಿದರು. ಮಗನಿಗೆ ಎರಡು ವಿಷಯ ತಿಳಿಯಿತು: ನನ್ನ ತಿಳುವಳಿಕೆ ತಂದೆಗೆ ಬೆಲೆಯುಳ್ಳದ್ದು, ಇನ್ನೊಮ್ಮೆ ನಾನು ಬಾಯಿ ತೆರೆಯಬಹುದು. ಇಲ್ಲಿ ಇನ್ನೊಂದು ಅಂಶವೂ ಇದೆ. ಆ ಹುಡುಗ ತಾನಾಗಿ ಬಂದು ತಂದೆಗೆ ಹೇಳಿದರು. ಹೇಳಬಹುದೆಂಬ ಧೈರ್ಯ ಅವರಿಗಿತ್ತು. ತರಗತಿಯಲ್ಲಿ ಕೈ ಎತ್ತಲು ನಾಚಿದ ನಮ್ಮ ಮಗು ಮನೆಗೆ ಬಂದು ನಮ್ಮಲ್ಲಿ ಅದನ್ನು ಹೇಳುತ್ತದೆಯೇ?

ಇನ್ನು ತಾಯಿ. ಹಝ್ರತ್ ಅನಸ್‌ರ(ರ) ತಾಯಿ ಉಮ್ಮು ಸುಲೈಮ್(ರ) ಮಗನನ್ನು ಪ್ರವಾದಿವರ್ಯರ(ಸ) ಸೇವೆಗೆ ತಾವೇ ಕರೆತಂದು ಒಪ್ಪಿಸಿದವರು. ಒಪ್ಪಿಸಿದ ಮೇಲೆ ಕೈತೊಳೆದುಕೊಳ್ಳಲಿಲ್ಲ. ಒಂದು ದಿನ ಮಗ ಮನೆಗೆ ತಡವಾಗಿ ಬಂದಾಗ ಯಾಕೆ ತಡವಾಯಿತೆಂದು ಕೇಳಿದರು. ಪ್ರವಾದಿವರ್ಯರು(ಸ) ಒಂದು ಕೆಲಸಕ್ಕೆ ಕಳುಹಿಸಿದ್ದರು ಎಂದ ಮಗ. ಯಾವ ಕೆಲಸವೆಂದು ಕೇಳಿದಾಗ, ಅದು ಗುಟ್ಟು ಎಂದ. ಆ ತಾಯಿ ಮಗನನ್ನು ಒತ್ತಾಯಿಸಲಿಲ್ಲ, ಅನುಮಾನಿಸಲಿಲ್ಲ. ಹಾಗಾದರೆ ಆ ಗುಟ್ಟನ್ನು ಯಾರಿಗೂ ಹೇಳಬೇಡ ಎಂದು ಮಗನ ಪ್ರಾಮಾಣಿಕತೆಯನ್ನು ಇನ್ನಷ್ಟು ಗಟ್ಟಿ ಮಾಡಿದರು. ಕೇಳುವುದು ಹೇಗೆ, ಎಲ್ಲಿ ನಿಲ್ಲಿಸುವುದು ಎಂಬ ಎರಡನ್ನೂ ಅರಿತಿದ್ದ ತಾಯಿ ಅವರು. ಈ ಪ್ರಾಯದ ಮಕ್ಕಳಿರುವ ಪ್ರತಿಯೊಬ್ಬ ತಾಯಿಗೂ ಇದರಲ್ಲಿ ಮಾದರಿ ಇದೆ.

'ನಮಗೆ ಓದು ಬರುವುದಿಲ್ಲ' ಎನ್ನುವವರಿಗೆ

'ನಾನು ಐದನೇ ತರಗತಿಗೆ ಬಿಟ್ಟವಳು, ಅವನ ಇಂಗ್ಲಿಷ್ ಪುಸ್ತಕ ನನಗೇನು ತಿಳಿಯುತ್ತದೆ?' ಎಂದು ಹಲವು ತಾಯಂದಿರು ಕೇಳುತ್ತಾರೆ. ಸಹೋದರಿಯರೇ, ಮನೆಯು ಎರಡನೇ ಶಾಲೆ ಆಗಬೇಕಾಗಿಲ್ಲ. ಪಾಠ ಹೇಳಿಕೊಡಲು ಅಧ್ಯಾಪಕರಿದ್ದಾರೆ. ಹೆತ್ತವರಿಂದ ಮಗುವಿಗೆ ಬೇಕಾದದ್ದು ಬೇರೆಯೇ: ಸಮಯ, ಕಿವಿ, ಕ್ರಮ ಮತ್ತು ಪ್ರಾರ್ಥನೆ. ಇವುಗಳಲ್ಲಿ ಯಾವುದಕ್ಕೂ ಸರ್ಟಿಫಿಕೇಟ್ ಬೇಕಾಗಿಲ್ಲ.

ಅಕ್ಷರ ಬಲ್ಲವರು ವಿರಳವಾಗಿದ್ದ ಸಮಾಜದಲ್ಲೇ ಇಸ್ಲಾಮ್ ಕಲಿಕೆಯ ದೀಪ ಹಚ್ಚಿತು. ಪ್ರಥಮ ದಿವ್ಯವಾಣಿಯು ಓದುವ ಆಜ್ಞೆಯಿಂದ ಆರಂಭವಾಗಿ ಲೇಖನಿಯ ಮೂಲಕ ಕಲಿಸಿದ ಒಡೆಯನನ್ನು ನೆನಪಿಸಿತು. ಹಿಜ್ರಿ 2ರಲ್ಲಿ, ಅಂದರೆ ಕ್ರಿ.ಶ. 624ರಲ್ಲಿ ನಡೆದ ಬದ್ರ್ ಯುದ್ಧದ ಕೈದಿಗಳ ಪೈಕಿ ಬಿಡುಗಡೆಯ ಹಣ ಕೊಡಲಾಗದ, ಆದರೆ ಬರೆಯಲು ಬಲ್ಲವರಿಗೆ ಮದೀನದ ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸುವುದನ್ನೇ ಬಿಡುಗಡೆಯ ಶರತ್ತಾಗಿ ಇಡಲಾಯಿತು. ಆ ಮಕ್ಕಳ ಹೆತ್ತವರಲ್ಲಿ ಎಷ್ಟು ಮಂದಿಗೆ ಓದು ಬರುತ್ತಿದ್ದೀತು? ತಮಗೆ ಬಾರದ್ದನ್ನು ಮಕ್ಕಳು ಕಲಿಯಲಿ ಎಂದು ಅವರು ಕಳುಹಿಸಿದರು. ಆ ಹಂಬಲವೇ ಅವರ ಬಂಡವಾಳ.

ಓದು ಬಾರದ ತಾಯಿ ಒಂದು ಕೆಲಸವನ್ನು ಕಲಿತವರಿಗಿಂತ ಚೆನ್ನಾಗಿ ಮಾಡಬಲ್ಲಳು. 'ಇವತ್ತು ಏನು ಕಲಿತೆ? ನನಗೂ ಹೇಳಿಕೊಡು ಮಗಾ' ಎಂದು ಕೇಳಬಲ್ಲಳು. ಮಗು ತಾಯಿಗೆ ಅರ್ಥವಾಗುವ ಹಾಗೆ ಹೇಳಲು ಹೊರಟಾಗ ಬಾಯಿಪಾಠ ಸಾಕಾಗುವುದಿಲ್ಲ. ಅದು ತಾನೇ ಯೋಚಿಸಬೇಕಾಗುತ್ತದೆ. ಎಲ್ಲಿ ತಡವರಿಸಿತೋ ಅಲ್ಲಿ ಅದಕ್ಕೆ ಪಾಠ ತಿಳಿದಿಲ್ಲವೆಂದು ಅದಕ್ಕೇ ಗೊತ್ತಾಗುತ್ತದೆ. ಆಗ, 'ನಾಳೆ ಟೀಚರಲ್ಲಿ ಕೇಳಿ ಬಂದು ನನಗೆ ಹೇಳು' ಎಂದರೆ ಸಾಕು. ಮರುದಿನ ಮರೆಯದೆ ಕೇಳಬೇಕು, ಅಷ್ಟೇ. ಈ ಮಾತುಕತೆ ಮನೆ ಮಾತಿನಲ್ಲೇ ನಡೆಯಲಿ. ಬ್ಯಾರಿಯಲ್ಲಿ ಅರ್ಥವಾದ ವಿಷಯವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಲು ಕಲಿಯಬಹುದು. ಅರ್ಥವೇ ಆಗದ್ದನ್ನು ಯಾವ ಭಾಷೆಯಲ್ಲೂ ಬರೆಯಲು ಬಾರದು.

ಮಗ್ರಿಬ್‌ನಿಂದ ಇಶಾದ ತನಕ

ನಮ್ಮ ಹಿರಿಯರ ಮನೆಗಳಲ್ಲಿ ಮಗ್ರಿಬ್‌ನ ಬಳಿಕ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕುಳಿತು ಕುರ್‌ಆನ್ ಓದುತ್ತಿದ್ದರು. ಆ ಹೊತ್ತನ್ನು ಮತ್ತೆ ಜೀವಂತಗೊಳಿಸಿರಿ. ನಮಾಝಿನ ಬಳಿಕ ಸ್ವಲ್ಪ ಕುರ್‌ಆನ್ ಪಠಣ, ಆಮೇಲೆ ಇಶಾದ ತನಕ ಶಾಲೆಯ ಓದು. ದೊಡ್ಡ ಕೋಣೆ, ಮೇಜು, ಕುರ್ಚಿ ಇಲ್ಲವೆಂದು ಬೇಸರ ಬೇಡ. ಒಂದೇ ಕೋಣೆಯ ಮನೆಯಾದರೂ ದಿನಾಲೂ ಅದೇ ಹೊತ್ತು, ಅದೇ ಮೂಲೆ, ಒಳ್ಳೆಯ ಬೆಳಕು, ಮನೆಯಲ್ಲಿ ನಿಶ್ಶಬ್ದ ಇದ್ದರೆ ಸಾಕು.

ಆ ಹೊತ್ತಿನಲ್ಲಿ ಟಿ.ವಿ. ಆರಿರಲಿ. ಮೊಬೈಲ್ ಕೂಡಾ ದೂರವಿರಲಿ. ಮಗುವಿನದ್ದು ಮಾತ್ರವಲ್ಲ, ತಂದೆಯದ್ದೂ. 2020ರಲ್ಲಿ ಕೊರೋನದಿಂದಾಗಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲ್ ಹಲವು ಮನೆಗಳಲ್ಲಿ ಇನ್ನೂ ಮರಳಿ ಬಂದಿಲ್ಲ. ಅದನ್ನು ಕಸಿದುಕೊಂಡು ಕೂಗಾಡಿದರೆ ಮಗು ಗುಟ್ಟಾಗಿ ನೋಡಲು ಕಲಿಯುತ್ತದೆ. ತಂದೆ ತನ್ನ ಮೊಬೈಲನ್ನು ಕಪಾಟಿನ ಮೇಲಿಟ್ಟು ಒಂದು ದಿನಪತ್ರಿಕೆಯನ್ನೋ ಪುಸ್ತಕವನ್ನೋ ಹಿಡಿದು ಪಕ್ಕದಲ್ಲಿ ಕುಳಿತರೆ ಅದು ನೂರು ಉಪದೇಶಗಳಿಗೆ ಸಮ. ತಂದೆ ಗಲ್ಫ್‌ನಲ್ಲಿರುವ ಮನೆಗಳಲ್ಲಿ ಫೋನ್ ಮಾಡಿದಾಗ, 'ಏನು ತರಬೇಕು?' ಎಂಬುದರ ಜೊತೆಗೆ, 'ಇವತ್ತು ಶಾಲೆಯಲ್ಲಿ ಏನಾಯಿತು?' ಎಂದೂ ಕೇಳಲಿ. ದೂರದಲ್ಲಿದ್ದರೂ ತಂದೆ ನನ್ನ ಜೊತೆಗಿದ್ದಾರೆ ಎಂಬ ಭಾವನೆ ಮಗುವಿಗೆ ದೊಡ್ಡ ಬಲ.

ಮನೆಗೆಲಸವನ್ನು ನೀವೇ ಮಾಡಿ ಕೊಡಬೇಡಿ. ಅಣ್ಣನೋ ಅಕ್ಕನೋ ಬರೆದುಕೊಟ್ಟ ಉತ್ತರವನ್ನು ತನ್ನದೆಂದು ತೋರಿಸುವುದು ಮಗುವಿಗೆ ಪಾಠ ಕಲಿಸುವುದಿಲ್ಲ, ವಂಚನೆ ಕಲಿಸುತ್ತದೆ. ತಪ್ಪಾದರೂ ಸರಿ, ಅದರದ್ದೇ ಕೈಬರಹ ಇರಲಿ. ತಪ್ಪು ಕಂಡರೆ ತಾನೇ ಅಧ್ಯಾಪಕರಿಗೂ ತಿದ್ದಲು ಸಾಧ್ಯ!

ಇಶಾದ ಬಳಿಕ ಊಟ ಮುಗಿಸಿ ಮಗು ಮಲಗಲಿ. ಪ್ರವಾದಿವರ್ಯರು(ಸ) ಇಶಾದ ನಂತರದ ಹರಟೆಯನ್ನು ಇಷ್ಟಪಡುತ್ತಿರಲಿಲ್ಲ. 12 ವರ್ಷದ ತನಕದ ಶಾಲಾ ಮಕ್ಕಳಿಗೆ ದಿನಕ್ಕೆ 9 ಗಂಟೆಗಿಂತ ಕಡಿಮೆಯಾಗದ ನಿದ್ರೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ 8 ಗಂಟೆಗಿಂತ ಕಡಿಮೆಯಾಗದ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಸುಬ್‌ಹಿಗೆ ಎದ್ದು, ಮದ್ರಸಕ್ಕೆ ಹೋಗಿ, ಅಲ್ಲಿಂದ ಶಾಲೆಗೆ ಓಡುವ ಮಗು ರಾತ್ರಿ 12 ಗಂಟೆಗೆ ಮಲಗಿದರೆ ತರಗತಿಯಲ್ಲಿ ತೂಕಡಿಸದೆ ಇನ್ನೇನು ಮಾಡೀತು? ಅದನ್ನು ಸೋಮಾರಿ ಎಂದು ಕರೆಯುವ ಮೊದಲು ಮನೆಯ ದೀಪ ಎಷ್ಟು ಗಂಟೆಗೆ ಆರುತ್ತದೆ ಎಂದು ನೋಡೋಣ.

ಪಾಠವನ್ನು ಬದುಕಿಗೆ ತನ್ನಿ

'ಇದನ್ನೆಲ್ಲ ಕಲಿತು ಏನುಂಟು?' ಎಂಬ ಪ್ರಶ್ನೆ ಈ ಪ್ರಾಯದ ಮಕ್ಕಳ ಬಾಯಲ್ಲಿ ಸಾಮಾನ್ಯ. ಇದಕ್ಕೆ ಉತ್ತರ ಮನೆಯಲ್ಲೇ ಇದೆ. ಭಿನ್ನರಾಶಿ ಬೇಸರ ತರಿಸುತ್ತದೆಯೇ? ಕುರ್‌ಆನಿನ ನಾಲ್ಕನೇ ಅಧ್ಯಾಯವಾದ ಅನ್ನಿಸಾದಲ್ಲಿ ವಾರೀಸು ಹಕ್ಕುಗಳನ್ನು ಅರ್ಧ, ಕಾಲು, ಎಂಟನೇ ಒಂದು, ಮೂರನೇ ಒಂದು, ಆರನೇ ಒಂದು ಎಂದು ವಿವರಿಸಿರುವುದನ್ನು ಮಗುವಿಗೆ ತೋರಿಸಿ. ಒಂದು ಲೆಕ್ಕ ಕೊಡಿ: ಒಬ್ಬಾತ 2,400 ರೂಪಾಯಿ ಬಿಟ್ಟು ತೀರಿಕೊಂಡ. ಸಾಲವಿಲ್ಲ, ವಸಿಯ್ಯತ್ ಇಲ್ಲ. ಇರುವವರು ಪತ್ನಿ, ಒಬ್ಬ ಮಗ, ಒಬ್ಬಳು ಮಗಳು ಮಾತ್ರ. ಪತ್ನಿಗೆ ಎಂಟನೇ ಒಂದು, ಅಂದರೆ 300. ಉಳಿದ 2,100ರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. ಅಂದರೆ 1,400 ಮತ್ತು 700. ಮೂರನ್ನೂ ಕೂಡಿಸಿದರೆ 2,400 ಬರುತ್ತದೆಯೇ ಎಂದು ಮಗುವೇ ತಾಳೆ ನೋಡಲಿ. ಭಿನ್ನರಾಶಿ ತಪ್ಪಿದರೆ ಒಬ್ಬರ ಹಕ್ಕು ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ ಎಂದು ಅದಕ್ಕೆ ಮನದಟ್ಟಾಗುತ್ತದೆ.

ಬೀಜಗಣಿತ ನಮ್ಮದಲ್ಲವೆಂದು ಹೆದರುವ ಮಗುವಿಗೆ, 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿಯ ಕತೆ ಹೇಳಿ. ಅವರ ಗ್ರಂಥದ ಹೆಸರಿನಲ್ಲಿದ್ದ 'ಅಲ್ ಜಬ್ರ್' ಎಂಬ ಪದದಿಂದಲೇ ಆಲ್ಜಿಬ್ರಾ ಎಂಬ ಹೆಸರು ಬಂತು. ಆ ಗ್ರಂಥದ ದೊಡ್ಡ ಭಾಗವೊಂದು ಇದೇ ವಾರೀಸು ಮತ್ತು ವಸಿಯ್ಯತ್‌ಗಳ ಲೆಕ್ಕಕ್ಕೆ ಮೀಸಲಾಗಿತ್ತು. ಝಕಾತ್ ಶೇಕಡಾ ಎರಡೂವರೆ, ಅಂದರೆ ನಲ್ವತ್ತನೇ ಒಂದು ಪಾಲು ಹೇಗೆಂದು ಮಗುವೇ ಲೆಕ್ಕ ಹಾಕಿ ತೋರಿಸಲಿ. ಋಣ ಸಂಖ್ಯೆ ತಿಳಿಯದಿದ್ದರೆ ದಿನಸಿ ಅಂಗಡಿಯ ಸಾಲದ ಪುಸ್ತಕ ತೆರೆಯಿರಿ. ಕೈಯಲ್ಲಿ 30 ಇದ್ದು 50 ಕೊಡಲಿಕ್ಕಿದ್ದರೆ ನಾವು ಸೊನ್ನೆಗಿಂತ 20 ಕೆಳಗಿದ್ದೇವೆ.

ವಿಜ್ಞಾನಕ್ಕೆ ಅಂಗಳವೇ ಪ್ರಯೋಗಶಾಲೆ. ರಜಾದಿನ ಒಂದು ಕೋಲು ನೆಟ್ಟು ನೆರಳು ಅಳೆಯಲಿ. ನೆರಳು ಅತಿ ಚಿಕ್ಕದಾಗಿ ಮತ್ತೆ ಬೆಳೆಯತೊಡಗಿದರೆ ಝುಹರ್. ಆ ನಡು ಹಗಲಿನ ನೆರಳನ್ನು ಬಿಟ್ಟು ಕೋಲಿನಷ್ಟೇ ಉದ್ದದ ನೆರಳಾದರೆ ಶಾಫಿಈ ಮದ್‌ಹಬ್‌ನ ಪ್ರಕಾರ ಅಸರ್. ಇದನ್ನೇ ತಿಂಗಳಿಗೊಮ್ಮೆ ಮಾಡಿ ಬರೆದಿಟ್ಟರೆ ಸೂರ್ಯನ ದಾರಿ ವರ್ಷದಲ್ಲಿ ಹೇಗೆ ಸರಿಯುತ್ತದೆ ಎಂಬ ಪಾಠ ಪುಸ್ತಕವಿಲ್ಲದೆ ತಿಳಿಯುತ್ತದೆ. ಚಂದ್ರನ ಏರಿಳಿತ ಅರಿಯಲು ಹಿಜ್ರಿ ತಿಂಗಳಿಗಿಂತ ಒಳ್ಳೆಯ ಪುಸ್ತಕ ಬೇರೆ ಬೇಕೇ? ದೀನೀ ವಿದ್ಯೆ, ಲೌಕಿಕ ವಿದ್ಯೆ ಎಂದು ನಾವು ಗೋಡೆ ಕಟ್ಟಿದ್ದೇವೆ. ಮಗುವಿನ ಮನಸ್ಸಿನಲ್ಲಿ ಆ ಗೋಡೆ ಇಲ್ಲ.

ಅಂಕಪಟ್ಟಿ ಬಂದ ದಿನ

ಹಝ್ರತ್ ಅನಸ್(ರ) ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಅಷ್ಟು ಕಾಲದಲ್ಲಿ ಪ್ರವಾದಿವರ್ಯರು(ಸ) ಒಮ್ಮೆಯೂ ತನ್ನ ಮೇಲೆ ಬೇಸರದ ಉದ್ಗಾರ ತೆಗೆಯಲಿಲ್ಲ, ಮಾಡಿದ್ದನ್ನು ಯಾಕೆ ಮಾಡಿದೆ, ಮಾಡದ್ದನ್ನು ಯಾಕೆ ಬಿಟ್ಟೆ ಎಂದು ಜರೆಯಲಿಲ್ಲವೆಂದು ಅವರೇ ನೆನೆದಿದ್ದಾರೆ. ಹತ್ತರಿಂದ ಇಪ್ಪತ್ತರ ವರೆಗಿನ ಹುಡುಗನ ಕೈಯಿಂದ ಹತ್ತು ವರ್ಷದಲ್ಲಿ ಒಂದು ತಪ್ಪೂ ಆಗಿರಲಿಲ್ಲವೇ? ಆಗಿತ್ತು, ಆದರೆ ಅದನ್ನು ಎತ್ತಿ ಹಂಗಿಸಲಿಲ್ಲ.

ನಮ್ಮ ಮನೆಯಲ್ಲಿ ಅಂಕಪಟ್ಟಿ ಬಂದ ದಿನ ಏನಾಗುತ್ತದೆ? ಚಿಕ್ಕಪ್ಪನ ಮಗನ ಅಂಕ ಹೇಳುತ್ತೇವೆ. ಅತಿಥಿಗಳ ಮುಂದೆ ದಡ್ಡ ಎನ್ನುತ್ತೇವೆ. ಸಿಟ್ಟಿನಲ್ಲಿ ಕೆಲವರು, 'ನೀನು ಉದ್ಧಾರವಾಗುವುದಿಲ್ಲ' ಎಂದು ಶಪಿಸುತ್ತಾರೆ. ಮಕ್ಕಳ ವಿರುದ್ಧ ಪ್ರಾರ್ಥಿಸುವುದನ್ನು ಪ್ರವಾದಿವರ್ಯರು(ಸ) ವಿರೋಧಿಸಿದ್ದಾರೆ. ಅದು ಪ್ರಾರ್ಥನೆ ಸ್ವೀಕಾರವಾಗುವ ಗಳಿಗೆಯಾಗಿರಲೂಬಹುದು ಎಂಬುದೇ ಅದಕ್ಕೆ ಕಾರಣ. ಲುಕ್ಮಾನರು ಮಗನಿಗೆ ಉಪದೇಶಿಸಿದ ಬಗೆಯನ್ನು ಕುರ್‌ಆನ್ ಎತ್ತಿ ಹೇಳಿದೆ. ಶಿರ್ಕ್‌ನಂತಹ ಘೋರ ಪಾಪದಿಂದ ತಡೆಯುವಾಗಲೂ ಅವರ ಸಂಬೋಧನೆ ವಾತ್ಸಲ್ಯದ್ದು. ಲೆಕ್ಕದಲ್ಲಿ ಬಿದ್ದ 12 ಅಂಕ ಶಿರ್ಕ್‌ಗಿಂತ ದೊಡ್ಡ ಅಪರಾಧವೇ?

ಅಂಕ ಕಡಿಮೆಯಾದಾಗ ಮಗುವನ್ನು ಕೂಡಿಸಿಕೊಂಡು ಉತ್ತರ ಪತ್ರಿಕೆ ನೋಡಿ. ಪ್ರಶ್ನೆ ಅರ್ಥವಾಗಲಿಲ್ಲವೇ, ಸಮಯ ಸಾಲಲಿಲ್ಲವೇ, ಪಾಠ ಓದಿರಲಿಲ್ಲವೇ? ಮೂರಕ್ಕೂ ಮದ್ದು ಬೇರೆ ಬೇರೆ. ಕರಿ ಹಲಗೆ ಕಾಣದ ಮಗುವನ್ನು ನಾವು ಗಮನವಿಲ್ಲದವನೆಂದು ಬೈಯುತ್ತಿರಬಹುದು. ಅದಕ್ಕೆ ಬೇಕಾಗಿರುವುದು ಬೈಗುಳವಲ್ಲ, ಕನ್ನಡಕ. ಏನನ್ನೂ ಕಂಡುಹಿಡಿಯಲು ಆಗದಿದ್ದರೆ ಶಾಲೆಗೆ ಹೋಗಿ. ಹೆತ್ತವರ ಸಭೆಗೆ ತಪ್ಪದೆ ಹೋಗಿ, ದೂರು ಕೊಡಲು ಮಾತ್ರವಲ್ಲ. ನನ್ನ ಮಗು ಎಲ್ಲಿ ಹಿಂದಿದೆ, ಮನೆಯಲ್ಲಿ ನಾನೇನು ಮಾಡಬಹುದು ಎಂಬ ಎರಡು ಪ್ರಶ್ನೆ ಕೇಳಿದರೆ ಅಧ್ಯಾಪಕರ ದೃಷ್ಟಿಯೇ ಬದಲಾದೀತು. ಸರಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಎಂಬ ಶಾಲಾಭಿವೃದ್ಧಿ ಸಮಿತಿಯಿದ್ದು ಅದರಲ್ಲಿ ಹೆತ್ತವರಿಗೆ ಸ್ಥಾನವಿದೆ. ಆ ಸ್ಥಾನವನ್ನು ಖಾಲಿ ಬಿಟ್ಟು ಶಾಲೆಯನ್ನು ದೂಷಿಸುವುದು ಸರಿಯಲ್ಲ. ಮದ್ರಸದ ಉಸ್ತಾದರನ್ನೂ ಇದೇ ರೀತಿ ಕಾಣಿರಿ.

ಮಗಳ ಪಾಲಿನ ಹೊತ್ತು

ಕೊನೆಯದಾಗಿ ಒಂದು ಮಾತನ್ನು ಬಿಚ್ಚಿ ಹೇಳಲೇಬೇಕು. ಮಗ್ರಿಬ್‌ನ ಬಳಿಕ ಅಣ್ಣ ಪುಸ್ತಕ ಹಿಡಿದು ಕುಳಿತಾಗ ಏಳನೇ ತರಗತಿಯ ತಂಗಿ ಎಲ್ಲಿರುತ್ತಾಳೆ? ಹಲವು ಮನೆಗಳಲ್ಲಿ ಅವಳು ಅಡುಗೆ ಮನೆಯಲ್ಲಿ ರೊಟ್ಟಿ ತಟ್ಟುತ್ತಿರುತ್ತಾಳೆ, ಇಲ್ಲವೇ ತಮ್ಮನನ್ನು ಎತ್ತಿಕೊಂಡಿರುತ್ತಾಳೆ. ಮನೆಗೆಲಸ ಕಲಿಯುವುದು ತಪ್ಪಲ್ಲ. ಪ್ರವಾದಿವರ್ಯರೇ(ಸ) ಮನೆಯ ಕೆಲಸಗಳಲ್ಲಿ ನೆರವಾಗುತ್ತಿದ್ದರು. ಹಾಗಾದರೆ ಆ ಕೆಲಸದಲ್ಲಿ ಮಗನ ಪಾಲೆಷ್ಟು, ಓದಿನ ಹೊತ್ತಿನಲ್ಲಿ ಮಗಳ ಪಾಲೆಷ್ಟು? ಹೆಣ್ಣು ಮಕ್ಕಳನ್ನು ಚೆನ್ನಾಗಿ ಸಾಕಿ ಬೆಳೆಸಿದವರಿಗೆ ಸ್ವರ್ಗದ ಶುಭವಾರ್ತೆ ಇದೆ. ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂಬ ಸ್ಪಷ್ಟ ಆಜ್ಞೆಯೂ ಇದೆ. ಆ ನ್ಯಾಯ ಬಟ್ಟೆ, ಉಡುಗೊರೆಗಳಲ್ಲಿ ಮಾತ್ರವೇ? ಸಂಜೆಯ ಒಂದು ಗಂಟೆಯೂ ಮಗುವಿನ ಹಕ್ಕಲ್ಲವೇ? ಎಂಟನೇ ತರಗತಿಯ ಬಳಿಕ ಶಾಲೆ ದೂರವಾಯಿತೆಂದು ಅವಳನ್ನು ಮನೆಯಲ್ಲಿ ಕೂರಿಸುವ ಮೊದಲು ದಾರಿಯಲ್ಲಿ ಜೊತೆಗೆ ಹೋಗುವವರನ್ನು ಹುಡುಕಿ. ನಾಳೆ ಅವಳ ಮಕ್ಕಳು, 'ಉಮ್ಮಾ, ಈ ಪಾಠ ಹೇಳಿಕೊಡಿ' ಎಂದಾಗ ಅವಳಿಗೆ ಉತ್ತರವಿರಬೇಕು.

ಸಹೋದರ ಸಹೋದರಿಯರೇ, ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಕಾಗಿಲ್ಲ. ಎಲ್ಲವನ್ನೂ ಒಂದೇ ದಿನ ಆರಂಭಿಸಬೇಕೆಂದೂ ಇಲ್ಲ. ಇಂದು ಮಗ್ರಿಬ್‌ನ ಬಳಿಕ ಮೊಬೈಲ್ ಬದಿಗಿಟ್ಟು ನಿಮ್ಮ ಮಗುವಿನ ಪಕ್ಕದಲ್ಲಿ ಕುಳಿತು ಕೇಳಿ: 'ಇವತ್ತು ಏನು ಕಲಿತೆ?' ಮೊದಲ ದಿನ, 'ಏನಿಲ್ಲ' ಎಂಬ ಉತ್ತರ ಬಂದೀತು. ಎರಡನೇ ದಿನವೂ ಬಂದೀತು. ಬೇಸರಿಸದೆ ಕೇಳುತ್ತಿರಿ. ಒಂದು ದಿನ ಅದು ಬಾಯಿ ಬಿಡುತ್ತದೆ. ಅಂದು ನೀವು ಅಲ್ಲಿರಬೇಕು.

ಜ್ಞಾನವನ್ನು ಹೆಚ್ಚಿಸು ಎಂದು ಬೇಡಲು ಪ್ರವಾದಿವರ್ಯರಿಗೇ(ಸ) ಕಲಿಸಿದ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಪ್ರಯೋಜನಕಾರಿ ಜ್ಞಾನವನ್ನು ದಯಪಾಲಿಸಲಿ. ಅವರನ್ನು ನಮ್ಮ ಕಣ್ಣಿಗೆ ತಂಪಾಗಿಸಲಿ. ನಮಗೆ ಒಪ್ಪಿಸಲ್ಪಟ್ಟ ಈ ಅಮಾನತ್ತನ್ನು ಕುಂದಿಲ್ಲದೆ ಮರಳಿಸುವ ಭಾಗ್ಯವನ್ನು ನಮಗೆ ನೀಡಲಿ. ಆಮೀನ್.